ತೆರಿಗೆಯಿಲ್ಲದ ಗಾಳಿ

ಪುಣೆಯಿಂದ ಬೆಳಗಾವಿ, ಹುಬ್ಬಳ್ಳಿ ಕಡೆಗೆ ಹೊರಟ ಕಾರಿಗೆ ಮೊದಲು ಕಾತ್ರಜ್, ಆಮೇಲೆ ಖಂಬಾಟ್ಕಿ ಘಾಟಿ ಎದುರಾಗುತ್ತವೆ. 2000ನೇ ಇಸವಿಯ ಆಸುಪಾಸಿನಲ್ಲಿ ಈ ದಾರಿಯನ್ನು ಟಾಟಾ ಇಂಡಿಕಾ ಡೀಸೆಲ್ ಟ್ಯಾಕ್ಸಿಯಲ್ಲಿ ಹತ್ತಿದವರಿಗೆ ಒಂದು ಸಂಗತಿ ನೆನಪಿರಬಹುದು. ಏರು ಶುರುವಾಗುವ ಹೊತ್ತಿಗೆ ಡ್ರೈವರನ ಕೈ ಎಸಿ ಗುಂಡಿಯ ಕಡೆಗೆ ಹೋಗುತ್ತಿತ್ತು. ಒಳಗೆ ಐದು ಜನ, ಡಿಕ್ಕಿ ತುಂಬ ಸಾಮಾನು, ಮುಂದೆ ಹೊಗೆ ಕಾರುವ ಲಾರಿ. ಎಸಿ ಆರಿಸಿ, ಎರಡನೇ ಗೇರಿಗೆ ಇಳಿಸಿ, ಕಿಟಕಿ ತೆಗೆದರೇ ಗಾಡಿ ಮೇಲೇರುವುದು. ಪಿಕಪ್ ಇಲ್ಲ, ಮೈಲೇಜ್ ಉಂಟು ಎಂಬುದು ಆ ಕಾರಿನ ಬಗ್ಗೆ ಟ್ಯಾಕ್ಸಿ ಸ್ಟ್ಯಾಂಡುಗಳ ಒಮ್ಮತದ ತೀರ್ಪಾಗಿತ್ತು. (ಪುಣೆಯಲ್ಲಾದರೆ ಮೈಲೇಜ್ ಅನ್ನುವುದಿಲ್ಲ, 'ಆವರೇಜ್' ಅನ್ನುತ್ತಾರೆ. ಇಂಗ್ಲಿಷಿನವರಿಗೆ ಈ ಎರಡೂ ಅರ್ಥವಾಗುವುದು ಅನುಮಾನ.)

ಆ ಕಾರು ಹುಟ್ಟಿದ್ದು ಪುಣೆಯಲ್ಲೇ. ಡೀಸೆಲ್ ಎಂಜಿನ್ ಈ ಊರಿಗೆ ಹೊಸದಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನ 1946ರಲ್ಲಿ ಪುಣೆಯ ಖಡ್ಕಿಯಲ್ಲಿ ಆಯಿಲ್ ಎಂಜಿನ್ ಕಾರ್ಖಾನೆ ತೆರೆದಿತ್ತು. ನಮ್ಮ ಕಡೆಯ ಎಷ್ಟೋ ತೋಟಗಳಿಗೆ ನೀರೆತ್ತಿದ್ದು ಆ ಹೆಸರಿನ ಎಂಜಿನ್ನುಗಳು. 1960ರ ದಶಕದಲ್ಲಿ ಸುಮಂತ್ ಮೂಳಗಾಂವ್‌ಕರ್ ಅವರ ನೇತೃತ್ವದಲ್ಲಿ ಟೆಲ್ಕೊ ಪಿಂಪ್ರಿಗೆ ಬಂತು. ಕನ್ನಡದ ಓದುಗರಿಗೆ ಟೆಲ್ಕೊ ಎಂದರೆ ಸುಧಾ ಮೂರ್ತಿ ಜೆ.ಆರ್.ಡಿ. ಟಾಟಾ ಅವರಿಗೆ ಬರೆದ ಪೋಸ್ಟ್‌ಕಾರ್ಡೇ ಮೊದಲು ನೆನಪಾಗುವುದು. ಆದರೆ ಆ ಕಂಪನಿಗೆ ಗೊತ್ತಿದ್ದದ್ದು ಮುಖ್ಯವಾಗಿ ಲಾರಿ. ಅಂಬಾಸಡರಿನಷ್ಟು ಒಳಜಾಗ, ಮಾರುತಿ ಝೆನ್‌ನಷ್ಟು ಗಾತ್ರ, ಮಾರುತಿ 800ಕ್ಕೆ ಹತ್ತಿರದ ಬೆಲೆ, ಮೇಲೆ ಡೀಸೆಲ್ಲಿನ ಮಿತ ಖರ್ಚು: ಹೀಗೊಂದು ಕಾರು ಮಾಡುತ್ತೇವೆಂದು ರತನ್ ಟಾಟಾ ಹೇಳಿದಾಗ ಬಹಳ ಜನ ನಕ್ಕಿದ್ದರು. ಆಸ್ಟ್ರೇಲಿಯಾದಲ್ಲಿ ಮುಚ್ಚಿಹೋಗಿದ್ದ ನಿಸಾನ್ ಕಾರ್ಖಾನೆಯ ಯಂತ್ರಗಳನ್ನು ಬಿಚ್ಚಿ, ಹಡಗಿನಲ್ಲಿ ತಂದು, ಪುಣೆಯಲ್ಲಿ ಮತ್ತೆ ಜೋಡಿಸಲಾಯಿತು. 1998ರ ಡಿಸೆಂಬರ್ 30ರಂದು ಇಂಡಿಕಾ ಮಾರುಕಟ್ಟೆಗೆ ಬಂತು.

ಎಂಜಿನ್ನಿನ ಹೆಸರು 475. ನಾಲ್ಕು ಸಿಲಿಂಡರ್, ಒಂದೊಂದರ ಒಳವ್ಯಾಸ 75 ಮಿಲಿಮೀಟರ್. ಲಾರಿ ಕಂಪನಿಯ ಹೆಸರಿಡುವ ಪದ್ಧತಿ ಇದು, ಅಲಂಕಾರವಿಲ್ಲ. ಪಿಸ್ಟನ್ನಿನ ಓಡಾಟ 79.5 ಮಿಲಿಮೀಟರ್, ಒಟ್ಟು ಗಾತ್ರ 1405 ಸಿಸಿ, ಶಕ್ತಿ ಸುಮಾರು 53 ಅಶ್ವಶಕ್ತಿ. ಡೀಸೆಲ್ಲನ್ನು ನೇರವಾಗಿ ಸಿಲಿಂಡರಿಗೆ ಚಿಮ್ಮಿಸದೆ, ಪಕ್ಕದ ಒಂದು ಪುಟ್ಟ ಕೋಣೆಯಲ್ಲಿ ಹೊತ್ತಿಸುವ ಹಳೆಯ ವಿಧಾನ ಅದರದ್ದು. ಸದ್ದು ಕಡಿಮೆ, ಬಿಡಿಭಾಗ ಅಗ್ಗ; ಆದರೆ ಆ ಕೋಣೆಯ ಗೋಡೆಗಳಿಗೇ ಒಂದಿಷ್ಟು ಶಾಖ ಸೋರಿಹೋಗುತ್ತದೆ.

ಘಾಟಿಯಲ್ಲಿ ಎಂಜಿನ್ ಉಸಿರುಕಟ್ಟುತ್ತಿತ್ತು ಎಂದರೆ ಅದು ಬರೀ ರೂಪಕವಲ್ಲ. ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಲು ಸುಮಾರು 14.5 ಕಿಲೋ ಗಾಳಿ ಬೇಕು. ಪುಣೆ ಇರುವುದೇ ಸಮುದ್ರಮಟ್ಟದಿಂದ 560 ಮೀಟರ್ ಮೇಲೆ. ಗಾಳಿ ಅಲ್ಲೇ ತುಸು ತೆಳು, ಘಾಟಿ ಏರಿದಷ್ಟೂ ಇನ್ನೂ ತೆಳು. ಗಾಳಿ ಹೆಚ್ಚಿಸದೆ ಡೀಸೆಲ್ ಮಾತ್ರ ಹೆಚ್ಚಿಸಿದರೆ ಸಿಗುವುದು ಕಪ್ಪು ಹೊಗೆ. ಹಾಗಾಗಿ ಉಳಿದ ದಾರಿ ಎರಡು: ದೊಡ್ಡ ಎಂಜಿನ್, ಇಲ್ಲವೇ ಅದೇ ಎಂಜಿನ್ನಿಗೆ ಒತ್ತಿ ತುಂಬಿದ ಗಾಳಿ.

ಎರಡನೆಯ ದಾರಿಗೆ ಆಗಲೇ ನೂರು ವರ್ಷದ ಹತ್ತಿರ ವಯಸ್ಸಾಗಿತ್ತು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಸೈಲೆನ್ಸರಿನ ಕಡೆಗೆ ಹೋಗುವ ಬಿಸಿ ಹೊಗೆಯಲ್ಲಿ ಇಂಧನದ ಸುಮಾರು ಮೂರನೇ ಒಂದು ಪಾಲು ಶಕ್ತಿ ಸುಮ್ಮನೆ ಹೋಗುತ್ತದೆ. ಆ ಹೊಗೆಯಿಂದ ಒಂದು ಚಕ್ರ ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರದಿಂದ ಹೊರಗಿನ ಗಾಳಿಯನ್ನು ಎಂಜಿನ್ನಿಗೆ ಅದುಮಬೇಕು. ಟರ್ಬೊ ಎಂಬ ಲ್ಯಾಟಿನ್ ಪದಕ್ಕೆ ಬುಗುರಿ ಎಂದೂ ಸುಂಟರಗಾಳಿ ಎಂದೂ ಅರ್ಥವಿದೆ. ಎರಡೂ ಇಲ್ಲಿ ಸರಿಹೊಂದುತ್ತವೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುತ್ತದೆ.

2002ರ ಕೊನೆಗೆ ಇಂಡಿಕಾಗೆ ಡಿಕ್ಕಿ ಸೇರಿಸಿ ಇಂಡಿಗೊ ಎಂಬ ಸೆಡಾನ್ ಬಂದಾಗ, ಅದರ ಡೀಸೆಲ್ ಎಂಜಿನ್ನಿಗೆ ಟರ್ಬೊ ಇತ್ತು. ವ್ಯಾಸ ಅದೇ 75, ಗಾತ್ರ ಅದೇ 1405. ಅಶ್ವಶಕ್ತಿ 53ರಿಂದ 62ಕ್ಕೆ ಏರಿತು, ಅಂದರೆ ಆರನೇ ಒಂದು ಪಾಲು. ಕರಪತ್ರದಲ್ಲಿ ಓದಿದರೆ ಇಷ್ಟೇನಾ ಅನ್ನಿಸುವ ಅಂಕಿ. ಆದರೆ ಚಕ್ರವನ್ನು ತಿರುಚುವ ಬಲ, ಟಾರ್ಕ್, ಸುಮಾರು 85 ನ್ಯೂಟನ್-ಮೀಟರಿನಿಂದ 125ಕ್ಕೆ ಹೋಯಿತು. ಹೆಚ್ಚುಕಡಿಮೆ ಅರ್ಧದಷ್ಟು ಜಾಸ್ತಿ. ಡ್ರೈವರುಗಳು ಪಿಕಪ್ ಅನ್ನುತ್ತಿದ್ದದ್ದು ಇದನ್ನೇ. ಎಂಜಿನಿಯರರ ಪರಿಭಾಷೆಗಿಂತ ಸ್ಟ್ಯಾಂಡಿನ ಮಾತೇ ಇಲ್ಲಿ ಹೆಚ್ಚು ನಿಖರ ಎನ್ನಬೇಕು. ಘಾಟಿಯಲ್ಲಿ ಬೇಕಾದದ್ದು ಗರಿಷ್ಠ ವೇಗವಲ್ಲ, ಮೂರನೇ ಗೇರಿನಲ್ಲೇ ಉಳಿಯುವ ತಾಕತ್ತು. ಮುಂದೆ ಇಂಟರ್‌ಕೂಲರ್ ಸೇರಿತು. ಗಾಳಿಯನ್ನು ಅದುಮಿದರೆ ಬಿಸಿಯಾಗುತ್ತದೆ (ಸೈಕಲ್ ಪಂಪಿನ ತುದಿ ಮುಟ್ಟಿದವರಿಗೆ ಗೊತ್ತು), ಬಿಸಿ ಗಾಳಿ ಹಿಗ್ಗುತ್ತದೆ, ಅದುಮಿದ ಲಾಭ ಅಷ್ಟು ಕಳೆದುಹೋಗುತ್ತದೆ. ಒಂದು ಪುಟ್ಟ ರೇಡಿಯೇಟರಿನಲ್ಲಿ ಅದನ್ನು ತಣಿಸಿ ಒಳಗೆ ಬಿಟ್ಟಾಗ ಅದೇ 1405 ಸಿಸಿ 70ರ ಹತ್ತಿರ ಬಂತು.

ಜತೆಗೆ ಹೊಸದೊಂದು ಶಿಸ್ತೂ ಬಂತು. ಟರ್ಬೊದ ಅಚ್ಚು ನಿಂತಿರುವುದು ಎಂಜಿನ್ ಆಯಿಲಿನ ತೆಳು ಪದರದ ಮೇಲೆ. ಘಾಟಿ ಏರಿ ಬಂದು ಢಾಬಾದ ಮುಂದೆ ತಕ್ಷಣ ಕೀ ತಿರುಗಿಸಿದರೆ ಆಯಿಲಿನ ಹರಿವು ನಿಲ್ಲುತ್ತದೆ, ಕಾದ ಅಚ್ಚಿನಲ್ಲಿ ಉಳಿದ ಆಯಿಲ್ ಸುಟ್ಟು ಕರಿಕಟ್ಟುತ್ತದೆ. ನಿಲ್ಲಿಸಿದ ಮೇಲೆ ಅರ್ಧ ನಿಮಿಷ, ಒಂದು ನಿಮಿಷ ಎಂಜಿನ್ ಓಡಲು ಬಿಡಬೇಕು. ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ಎಂಜಿನ್ನನ್ನೇ ಆರಿಸುವ ಅಭ್ಯಾಸವಿದ್ದವರಿಗೆ ಇದು ದಂಡದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಮೊದಲ ಟರ್ಬೊ ಘಾಟಿಗಾಗಿ ಬಂತು ಎನ್ನಬಹುದು. ಎರಡನೆಯದರ ಬೀಜ ಇದ್ದದ್ದು ದಿಲ್ಲಿಯಲ್ಲಿ. 2006ರ ಬಜೆಟ್ಟಿನಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕ ಶೇ. 24ರಿಂದ 16ಕ್ಕೆ ಇಳಿಯಿತು. ಸಣ್ಣ ಕಾರೆಂದರೆ ಉದ್ದ ನಾಲ್ಕು ಮೀಟರ್ ಮೀರಬಾರದು. ಎಂಜಿನ್, ಪೆಟ್ರೋಲಾದರೆ 1200 ಸಿಸಿ, ಡೀಸೆಲ್ಲಾದರೆ 1500 ಸಿಸಿ ಮೀರಬಾರದು. ಇಂಡಿಕಾದ ಡೀಸೆಲ್ ಒಳಗೆ ಉಳಿಯಿತು, 1405 ಸಿಸಿಯ ಪೆಟ್ರೋಲ್ ಎಂಜಿನ್ ಹೊರಗೆ ಬಿತ್ತು. ಪುಣೆಯವರು ವ್ಯಾಸವನ್ನು ಮುಟ್ಟದೆ ಪಿಸ್ಟನ್ನಿನ ಓಡಾಟವನ್ನು 67.5 ಮಿಲಿಮೀಟರಿಗೆ ಮೊಟಕುಗೊಳಿಸಿದರು. ಗುಣಿಸಿ ನೋಡಿದರೆ 1193 ಸಿಸಿ, ಗೆರೆಗಿಂತ ಏಳು ಸಿಸಿ ಒಳಗೆ. 2008ರ ಇಂಡಿಗೊ ಸಿಎಸ್ ಕಾರಿನ ಡಿಕ್ಕಿಯನ್ನೂ ಇದೇ ನಾಲ್ಕು ಮೀಟರಿನ ಗೆರೆಗೆ ಕತ್ತರಿಸಲಾಯಿತು. ಆ ಕಾರಿನ ಹಿಂಭಾಗ ಚೆಂದವಾಗಿತ್ತು ಎಂದು ಹೇಳುವುದು ಕಷ್ಟ, ಆದರೆ ಅದನ್ನು ಬಿಡಿಸಿದ ಕೈಯಲ್ಲಿ ಸುಂಕದ ಪಟ್ಟಿಯೂ ಇತ್ತು.

ಬಜೆಟ್ಟಿನ ಈ ವ್ಯಾಖ್ಯಾನದಲ್ಲೊಂದು ಸಂದು ಇತ್ತು. ಅದು ಪಾತ್ರೆಯನ್ನು ಅಳೆಯಿತು, ಪಾತ್ರೆಗೆ ಹೋಗುವ ಗಾಳಿಯನ್ನು ಅಳೆಯಲಿಲ್ಲ. 1193 ಸಿಸಿಯ ಪೆಟ್ರೋಲ್ ಎಂಜಿನ್ ಕೊಡುತ್ತಿದ್ದದ್ದು 65 ಅಶ್ವಶಕ್ತಿ. ಸಿಲಿಂಡರ್ ಹಿಗ್ಗಿಸಿದರೆ ಸುಂಕ, ಗಾಳಿ ಅದುಮಿದರೆ ಏನೂ ಇಲ್ಲ. 2014ರ ಆಗಸ್ಟಿನಲ್ಲಿ ಬಂದ ಝೆಸ್ಟ್ ಕಾರಿನ 'ರೆವೊಟ್ರಾನ್' ಎಂಜಿನ್ ಹೊರಟದ್ದು ಇಲ್ಲಿಂದ. ಹೆಸರು ಹೊಸದು, ಗಾತ್ರ 1193. ಟರ್ಬೊ ಸೇರಿ 90 ಅಶ್ವಶಕ್ತಿ, 140 ನ್ಯೂಟನ್-ಮೀಟರ್.

ಪೆಟ್ರೋಲಿಗೆ ಟರ್ಬೊ ಹಾಕುವುದು ಡೀಸೆಲ್ಲಿನಷ್ಟು ಸಲೀಸಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಒತ್ತಡಕ್ಕೆ ತಾನಾಗಿ ಹೊತ್ತಿಕೊಳ್ಳುವುದೇ ಇಂಧನದ ಧರ್ಮ. ಪೆಟ್ರೋಲಿನಲ್ಲಿ ಅದೇ ದೋಷ. ಕಿಡಿ ಮುಟ್ಟುವ ಮುಂಚೆಯೋ, ಉರಿ ಹರಡುವ ಮುಂಚೆಯೋ ಮೂಲೆಯಲ್ಲಿದ್ದ ಮಿಶ್ರಣ ಸಿಡಿದರೆ ಸುತ್ತಿಗೆಯಲ್ಲಿ ಬಡಿದಂತೆ ಪಿಸ್ಟನ್ನಿಗೆ ಪೆಟ್ಟು. ಇದನ್ನು ಕಡೆಗಣಿಸಿದ ಫಲ ಅಮೆರಿಕದಲ್ಲಿ ಕಂಡಿತ್ತು. 1962ರ ಓಲ್ಡ್ಸ್‌ಮೊಬಿಲ್ ಜೆಟ್‌ಫೈರ್, ಟರ್ಬೊ ಹೊತ್ತು ಮಾರಾಟಕ್ಕೆ ಬಂದ ಮೊದಲ ಕಾರುಗಳಲ್ಲೊಂದು. ಎಂಜಿನ್ನಿನ ಸಂಪೀಡನ ಪ್ರಮಾಣವನ್ನು 10.25ರಷ್ಟು ಎತ್ತರದಲ್ಲೇ ಇಟ್ಟು ಟರ್ಬೊ ಜೋಡಿಸಿದರು. ಸಿಡಿತ ತಡೆಯಲು ನೀರು, ಮೆಥನಾಲ್ ಬೆರೆತ ದ್ರವವನ್ನು ಬೇರೆ ತೊಟ್ಟಿಯಿಂದ ಸಿಂಪಡಿಸುವ ಏರ್ಪಾಡು ಮಾಡಿದರು. ಮಾಲೀಕರು ಆ ತೊಟ್ಟಿ ತುಂಬಲು ಮರೆತರು. ಎರಡು ವರ್ಷದಲ್ಲಿ ಕಾರು ನಿಂತಿತು. ಮುಂದೆ ಬೇಕಾದವರಿಗೆ ಕಂಪನಿಯೇ ಟರ್ಬೊ ಕಿತ್ತು ಕಾರ್ಬುರೇಟರ್ ಹಾಕಿಕೊಟ್ಟಿತು.

ರೆವೊಟ್ರಾನ್ ಹೊತ್ತಿಗೆ ಆ ಕೆಲಸ ಕಂಪ್ಯೂಟರಿನ ಪಾಲಿಗೆ ಬಂದಿತ್ತು. ಆಸ್ಟ್ರಿಯಾದ ಎವಿಎಲ್, ಜರ್ಮನಿಯ ಬಾಷ್ ಕಂಪನಿಗಳು ಜತೆಗೂಡಿದ್ದವು. ಟರ್ಬೊ ಎಂಬುದು ಎಂಜಿನ್ನಿಗೆ ಹೊರಗಿನಿಂದ ಸಿಕ್ಕಿಸುವ ಒಡವೆಯಲ್ಲ ಎಂಬುದು ಇಂಥ ಪಟ್ಟಿ ನೋಡಿದಾಗ ತಿಳಿಯುತ್ತದೆ. ಗಾಳಿ ಹೆಚ್ಚಾದರೆ ಪೆಟ್ರೋಲ್ ಹೆಚ್ಚಬೇಕು, ಕಿಡಿಯ ಗಳಿಗೆ ಹಿಂದೆ ಸರಿಯಬೇಕು, ಪಿಸ್ಟನ್, ಹೆಡ್ ಗ್ಯಾಸ್ಕೆಟ್, ಕ್ಲಚ್, ಕೂಲಿಂಗ್ ಎಲ್ಲವೂ ಹೊಸ ಲೆಕ್ಕಕ್ಕೆ ಬರಬೇಕು.

ಗ್ಯಾರೇಜಿನಲ್ಲಿ ಸಣ್ಣ ಪೆಟ್ರೋಲ್ ಕಾರಿಗೆ ಟರ್ಬೊ ಕೂರಿಸುವ ಹುಡುಗರು ಎಡವುವುದು ಇಲ್ಲೇ. ಚಕ್ರ, ಪೈಪು, ಇಂಟರ್‌ಕೂಲರ್ ದುಡ್ಡಿಗೆ ಸಿಗುತ್ತವೆ, ಲೆಕ್ಕ ಸಿಗುವುದಿಲ್ಲ. ಕಾನೂನೂ ಬೆನ್ನಿಗಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಮೂಲದಲ್ಲಿ ಹೇಳಿದ್ದಕ್ಕೆ ನೋಂದಣಿ ಪತ್ರದ ವಿವರ ವ್ಯತ್ಯಾಸವಾಗುವಂತೆ ಮಾಲೀಕರು ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಬಿಗಿಯಾಗಿ ಓದಿತು. ಪಿಂಪ್ರಿಯ ಕಾರ್ಖಾನೆ ಅದೇ ಬದಲಾವಣೆ ಮಾಡಿದಾಗ ಅದಕ್ಕೆ ಒರೆ ಹಚ್ಚಲು ಪುಣೆಯ ಗುಡ್ಡದ ಮೇಲೆ 1966ರಿಂದಲೂ ಇರುವ ಎಆರ್‌ಎಐ ಎಂಬ ಪರೀಕ್ಷಾ ಸಂಸ್ಥೆಯಿದೆ. ಕೆಳಗಿನ ಪೇಟೆಯ ಗ್ಯಾರೇಜಿನವನಿಗೆ ಆ ಗುಡ್ಡ ಹತ್ತುವ ಸುಲಭದ ದಾರಿಯಿಲ್ಲ.

ಇಂಡಿಕಾ 2018ರಲ್ಲಿ ನಿಂತಿತು, ಝೆಸ್ಟ್ ಮರುವರ್ಷ.  ಅಬಕಾರಿ ಸುಂಕದ ಜಾಗಕ್ಕೆ ಜಿಎಸ್‌ಟಿ ಬಂದರೂ ಗೆರೆ ಮಾತ್ರ ಅಳಿಸಲಿಲ್ಲ. 2025ರ ಸೆಪ್ಟೆಂಬರಿನ ಪರಿಷ್ಕರಣೆಯಲ್ಲೂ ನಾಲ್ಕು ಮೀಟರ್, 1200 ಸಿಸಿ, 1500 ಸಿಸಿಯೇ ಶೇ. 18ನ್ನು 40ರಿಂದ ಬೇರ್ಪಡಿಸಿದವು. ಅದಕ್ಕೂ ನಾಲ್ಕು ವರ್ಷ ಮುಂಚೆ, 2021ರ ಜನವರಿಯಲ್ಲಿ, ಪುಣೆಯಲ್ಲೇ ತಯಾರಾಗುವ ಆಲ್ಟ್ರೋಜ್ ಕಾರಿಗೆ ಟರ್ಬೊ ಪೆಟ್ರೋಲ್ ಎಂಜಿನ್ ಬಂತು. ಮೂರೇ ಸಿಲಿಂಡರ್, ವ್ಯಾಸ 77 ಮಿಲಿಮೀಟರ್, ಶಕ್ತಿ 110. ಗಾತ್ರ 1199 ಸಿಸಿ.