ಕಾಶಿಯ ಗುಗ್ಗುಳ: ಒಂದು ಶಾಸ್ತ್ರವಾಕ್ಯದ ಪರೀಕ್ಷೆ

ಗುಗ್ಗುಳವೆಂದರೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಸಂಜೆಯ ಧೂಪ, ಇಲ್ಲವೆ ಉತ್ತರ ಕರ್ನಾಟಕದ ಮದುವೆಮನೆಗಳಲ್ಲಿ ವೀರಭದ್ರನಿಗೆ ಸಲ್ಲುವ ಗುಗ್ಗುಳ ಸೇವೆ. ಅದೇ ಮರದ ಅಂಟು 1960ರ ದಶಕದಲ್ಲಿ ಕಾಶಿಯ ಪ್ರಯೋಗಾಲಯವನ್ನು ಹೊಕ್ಕು ಹೃದ್ರೋಗ ಸಂಶೋಧನೆಯ ಚರಿತ್ರೆಯಲ್ಲಿ ಒಂದು ಅಧ್ಯಾಯವಾಯಿತು. ಅದು ಬರಿಯ ಗೆಲುವಿನ ಕಥೆಯಲ್ಲ. ಆದುದರಿಂದಲೇ ಅದನ್ನು ಕೊನೆಯವರೆಗೆ ಓದಬೇಕು.

ಕಾಶಿ ಹಿಂದೂ ವಿಶ್ವವಿದ್ಯಾಲಯದ ಆಯುರ್ವೇದ ಕಾಲೇಜು ಆರಂಭವಾದದ್ದು 1927ರಲ್ಲಿ. 1960ರಲ್ಲಿ ಅಲ್ಲಿ ಆಧುನಿಕ ವೈದ್ಯಕೀಯ ವಿಜ್ಞಾನದ ಕಾಲೇಜು ರೂಪುಗೊಂಡಿತು. 1971ರಲ್ಲಿ ಅದು ವೈದ್ಯಕೀಯ ವಿಜ್ಞಾನ ಸಂಸ್ಥೆಯಾಯಿತು. ಈ ಕಟ್ಟುವ ಕೆಲಸದ ಮುಂಚೂಣಿಯಲ್ಲಿದ್ದವರು ನಮ್ಮ ಕರಾವಳಿಯವರಾದ ಕಟೀಲು ನರಸಿಂಹ ಉಡುಪರು. ಅಮೆರಿಕದಲ್ಲಿ ಶಸ್ತ್ರಚಿಕಿತ್ಸೆ ಕಲಿತು ಬಂದ ಅವರು, ಮುರಿದ ಮೂಳೆ ಕೂಡಿಕೊಳ್ಳಲು ಮಂಗರವಳ್ಳಿ ನೆರವಾಗುತ್ತದೆಯೇ ಎಂಬುದನ್ನು ಪ್ರಾಣಿಗಳಲ್ಲಿ ಪರೀಕ್ಷಿಸಿದರು. ಹಳೆಯ ಮಾತನ್ನು ತಳ್ಳಿಹಾಕದೆ, ಕಣ್ಣುಮುಚ್ಚಿ ಒಪ್ಪದೆ, ಒರೆಗೆ ಹಚ್ಚುವ ವಾತಾವರಣ ಅದು.

ಅಲ್ಲಿಯೇ ಡಾ. ಜಿ. ವಿ. ಸತ್ಯವತಿಯವರು ಸುಶ್ರುತ ಸಂಹಿತೆಯ ಸೂತ್ರಸ್ಥಾನದ 15ನೆಯ ಅಧ್ಯಾಯವನ್ನು ಎದುರಿಗಿಟ್ಟುಕೊಂಡರು. ಕೊಬ್ಬು ಮಿತಿಮೀರಿದರೆ ಅದು ದೇಹದ ಸ್ರೋತಸ್ಸುಗಳನ್ನು ಮುಚ್ಚುತ್ತದೆ, ಪ್ರಮೇಹದಂತಹ ತೊಡಕುಗಳಿಗೆ ಎಡೆಮಾಡುತ್ತದೆ ಎಂದು ಹೇಳುವ ಆ ಭಾಗ, ಮದ್ದುಗಳ ಸಾಲಿನಲ್ಲಿ ಗುಗ್ಗುಳವನ್ನೂ ಹೆಸರಿಸುತ್ತದೆ. ಸುಶ್ರುತನಿಗೆ ಪಾಠ ಹೇಳಿದವನು ಕಾಶೀರಾಜ ದಿವೋದಾಸನೆಂಬುದು ಪರಂಪರೆಯ ನಂಬಿಕೆ. ಕಾಶಿಯ ಮಾತು ಕಾಶಿಯಲ್ಲೇ ಪರೀಕ್ಷೆಗೆ ನಿಂತಿತು. ವನಸ್ಪತಿ ತಿನ್ನಿಸಿ ರಕ್ತದ ಕೊಲೆಸ್ಟರಾಲ್ ಏರಿಸಿದ ಮೊಲಗಳಿಗೆ ಗುಗ್ಗುಳ ಕೊಟ್ಟಾಗ ಆ ಮಟ್ಟ ಇಳಿಯಿತು. ರಕ್ತನಾಳಗಳಿಗಾಗುವ ಹಾನಿಯೂ ತಗ್ಗಿತು. 1966ರಲ್ಲಿ ಇದು ಮಹಾಪ್ರಬಂಧವಾಯಿತು. 1969ರಲ್ಲಿ ಸಿ. ದ್ವಾರಕಾನಾಥ್ ಮತ್ತು ಎಸ್. ಎನ್. ತ್ರಿಪಾಠಿ ಅವರೊಡನೆ ಅದರ ಲೇಖನ ಪ್ರಕಟವಾಯಿತು. ಗುಗ್ಗುಳ ಹಾಗೂ ಅಮೃತಬಳ್ಳಿಯ ಉರಿಯೂತ ಶಾಮಕ ಗುಣವನ್ನೂ ಸತ್ಯವತಿಯವರು ಸಂಗಡಿಗರೊಂದಿಗೆ ಅಭ್ಯಸಿಸಿದರು. ಮುಂದೆ ಅವರು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಮಹಾನಿರ್ದೇಶಕಿಯಾದರು.

ಸಂಶೋಧನೆ ಕಾಶಿಯಿಂದ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಗೆ ಸಾಗಿತು. 1980ರ ದಶಕದಲ್ಲಿ ಗುಗ್ಗುಳದ ಸಾರ ‘ಗುಗ್ಗುಲಿಪಿಡ್’ ಎಂಬ ಹೆಸರಿನಿಂದ ಭಾರತದಲ್ಲಿ ಔಷಧವಾಯಿತು. ಅನಂತರ ಬಂದದ್ದು ತಿರುವು. 2003ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡ 103 ಮಂದಿಯ ಮೇಲೆ ಎಂಟು ವಾರ ನಡೆಸಿದ ಪರೀಕ್ಷೆಯನ್ನು ಪ್ರಕಟಿಸಿತು. ಹುಸಿಮಾತ್ರೆ ತೆಗೆದುಕೊಂಡವರಲ್ಲಿ ‘ಕೆಟ್ಟ’ ಕೊಲೆಸ್ಟರಾಲ್ ಶೇಕಡಾ 5ರಷ್ಟು ಇಳಿದರೆ, ಗುಗ್ಗುಲಿಪಿಡ್ ಸೇವಿಸಿದವರಲ್ಲಿ ಶೇಕಡಾ 4–5ರಷ್ಟು ಏರಿತ್ತು. ಕೆಲವರಿಗೆ ಮೈಮೇಲೆ ದದ್ದುಗಳೆದ್ದವು.

ಹಾಗಾದರೆ ಕಾಶಿಯ ಶ್ರಮ ವ್ಯರ್ಥವೇ? ಹಾಗೆನ್ನಲಾಗದು. ಮೊಲದ ದೇಹ ಮನುಷ್ಯನ ದೇಹವಲ್ಲ. ಒಂದು ಜನಸಮುದಾಯದ ಆಹಾರ ಇನ್ನೊಂದರದಲ್ಲ. ಜೊತೆಗೆ, ರಕ್ತನಾಳದ ರೋಗ ಕೊಬ್ಬಿನ ಲೆಕ್ಕದಲ್ಲಷ್ಟೇ ಮುಗಿಯುವುದಿಲ್ಲವೆಂದು ಇಂದು ತಿಳಿದಿದೆ. ಹಿಂದೆ ಹೃದಯಾಘಾತವಾಗಿದ್ದ ಹತ್ತು ಸಾವಿರಕ್ಕೂ ಮಿಕ್ಕ ರೋಗಿಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕೊಲೆಸ್ಟರಾಲನ್ನು ಮುಟ್ಟದೆ ಉರಿಯೂತವನ್ನಷ್ಟೇ ತಗ್ಗಿಸಿದ ಔಷಧ ಮರು ಆಘಾತಗಳನ್ನು ಕಡಿಮೆ ಮಾಡಿತು. ಕೊಬ್ಬು, ಉರಿಯೂತ ಎರಡನ್ನೂ ಸತ್ಯವತಿಯವರು ಅರ್ಧ ಶತಮಾನದ ಹಿಂದೆಯೇ ಪ್ರಶ್ನೆಯಾಗಿಸಿದ್ದರು. ಗುಗ್ಗುಳ ಅದಕ್ಕೆ ಉತ್ತರವೆಂದು ಇದರಿಂದ ಸಿದ್ಧವಾಗದು; ಪ್ರಶ್ನೆ ಸರಿಯಾಗಿತ್ತು ಎಂಬುದಷ್ಟೇ ಸಿದ್ಧ.

ಊರಿನಿಂದ ದೂರವಿರುವ ನಮಗೆ ಪರಂಪರೆಯ ಮೇಲೆ ಮೋಹ ತುಸು ಹೆಚ್ಚು. ‘ಎಲ್ಲವೂ ನಮ್ಮ ಶಾಸ್ತ್ರದಲ್ಲಿದೆ’ ಎನ್ನುವವರು 1966ರಲ್ಲಿ ಕಥೆ ನಿಲ್ಲಿಸುತ್ತಾರೆ; ‘ಅದರಲ್ಲಿ ಏನೂ ಇಲ್ಲ’ ಎನ್ನುವವರು 2003ರಿಂದ ಆರಂಭಿಸುತ್ತಾರೆ. ಮೋಹದ ಬೆಲೆ ತೆತ್ತದ್ದು ಮರ: ರಾಜಸ್ಥಾನ, ಗುಜರಾತಿನ ಒಣನೆಲದ ಗುಗ್ಗುಳ ಇಂದು ಅಳಿವಿನ ಅಂಚಿನಲ್ಲಿದೆ. ಎದೆನೋವಿಗೆ ವೈದ್ಯರನ್ನು ಕಾಣುವುದೇ ಸರಿ. ಶಾಸ್ತ್ರಕ್ಕೆ ಸಲ್ಲುವ ಗೌರವ ಅದನ್ನು ಪರೀಕ್ಷಿಸುವುದರಲ್ಲಿ, ಬಂದ ಫಲವನ್ನು ಮರೆಮಾಚದಿರುವುದರಲ್ಲಿ ಇದೆ.