ಪಂಕ್ ಎಂಬ ಬೈಗುಳ

ಷೇಕ್ಸ್‌ಪಿಯರನ ‘ಮೆಷರ್ ಫಾರ್ ಮೆಷರ್’ ನಾಟಕದ ಕೊನೆಯ ಅಂಕದಲ್ಲಿ ಲೂಸಿಯೊ ಎಂಬ ಬಾಯಿಬಡುಕ ಒಬ್ಬ ಹೆಣ್ಣನ್ನು ‘ಪಂಕ್’ ಇರಬಹುದೆಂದು ಹೀಗಳೆಯುತ್ತಾನೆ. ಆ ಕಾಲದಲ್ಲಿ ಆ ಮಾತಿಗೆ ಸೂಳೆ ಎಂದೇ ಅರ್ಥ. ಇಂಗ್ಲಿಷಿಗೆ ಅದು ಎಲ್ಲಿಂದ ಬಂತೆಂದು ನಿಘಂಟುಕಾರರಿಗೆ ಇನ್ನೂ ಖಚಿತವಾಗಿಲ್ಲ. ನಮ್ಮ ಕಿವಿಗೆ ಕೆಸರಿನ ‘ಪಂಕ’ ನೆನಪಾದರೂ ಎರಡಕ್ಕೂ ನಂಟಿಲ್ಲ. 20ನೆಯ ಶತಮಾನದ ಆರಂಭಕ್ಕೆ ಅಮೆರಿಕದ ಜೈಲುಗಳಲ್ಲಿ, ಊರೂರು ಅಲೆಯುವ ಕೂಲಿಗಳ ನಡುವೆ, ಬಲಿಷ್ಠನೊಬ್ಬನ ಕಾಮಕ್ಕೆ ಸಿಕ್ಕಿಬಿದ್ದ ಎಳೆಯ ಹುಡುಗನನ್ನು ಹೀಗೆ ಕರೆಯತೊಡಗಿದರು. ಆಮೇಲೆ ಪುಂಡ, ಕೆಲಸಕ್ಕೆ ಬಾರದವನು. ಅರ್ಥ ಎಷ್ಟು ಬದಲಾದರೂ ಪದ ಬಿದ್ದದ್ದು ಬಲವಿಲ್ಲದವರ ಮೇಲೆಯೇ.

ಅದನ್ನು ಸಂಗೀತದಲ್ಲಿ ಬಳಕೆಗೆ ತಂದವರಲ್ಲಿ ವಿಮರ್ಶಕರೇ ಮುಖ್ಯರು. 1971ರಲ್ಲಿ ‘ಕ್ರೀಮ್’ ಪತ್ರಿಕೆಯಲ್ಲಿ ಡೇವ್ ಮಾರ್ಷ್ ‘ಪಂಕ್ ರಾಕ್’ ಎಂದು ಬರೆದರು. ಮರುವರ್ಷ ‘ನಗೆಟ್ಸ್’ ಸಂಕಲನದ ಟಿಪ್ಪಣಿಯಲ್ಲಿ ಲೆನ್ನಿ ಕೇ ಅದೇ ಮಾತು ಬಳಸಿದರು. ಇಬ್ಬರೂ ಮೆಚ್ಚಿ ಬರೆದದ್ದು 1960ರ ದಶಕದ ಒರಟು ಗ್ಯಾರೇಜ್ ಬ್ಯಾಂಡುಗಳನ್ನು. ಬೈಗುಳ ಅಲ್ಲಿಗೆ ಮೆಚ್ಚುಗೆಯಾಯಿತು. 1976ರಲ್ಲಿ ನ್ಯೂಯಾರ್ಕಿನಿಂದ ‘ಪಂಕ್’ ಎಂಬ ಪತ್ರಿಕೆಯೇ ಹೊರಟಿತು.

ಕುಣಿತ ಪಂಕ್ ಸಂಗೀತದೊಳಗೆ ಸೇರಿದ್ದು ಮೊದಲು ಸದ್ದಿನಲ್ಲಿ. 1979ರಲ್ಲಿ ಲೀಡ್ಸ್‌ನ ಗ್ಯಾಂಗ್ ಆಫ್ ಫೋರ್ ತಂಡದ ‘ಎಂಟರ್‌ಟೇನ್‌ಮೆಂಟ್!’ ಆಲ್ಬಮ್ಮಿನಲ್ಲಿ ಫಂಕ್ ಸಂಗೀತದ ಬೇಸ್ ಮುಂದೆ ಬಂತು, ಗಿಟಾರ್ ಚೂರಿಯಂತೆ ನಡುನಡುವೆ ಕತ್ತರಿಸಿತು. ‘ಡಾನ್ಸ್-ಪಂಕ್’ ಎಂಬ ಜೋಡುಪದ ಎಲ್ಲರ ಬಾಯಿಗೆ ಬಂದದ್ದು 2002ರ ಸುಮಾರಿಗೆ, ನ್ಯೂಯಾರ್ಕಿನ ರ‍್ಯಾಪ್ಚರ್ ತಂಡದ ‘ಹೌಸ್ ಆಫ್ ಜೆಲಸ್ ಲವರ್ಸ್’ ಬಂದಾಗ. ಆ ನಗರದಲ್ಲಿ 1926ರ ಕ್ಯಾಬರೆ ಕಾನೂನು ಆಗಲೂ ಜೀವಂತವಾಗಿತ್ತು: ಲೈಸೆನ್ಸ್ ಇಲ್ಲದ ಬಾರಿನಲ್ಲಿ ಗಿರಾಕಿಗಳು ಕುಣಿಯುವಂತಿರಲಿಲ್ಲ. ಅದು ರದ್ದಾದದ್ದು 2017ರಲ್ಲಿ. ಕುಣಿತವೇ ಅಪರಾಧವಾಗಬಹುದಾದ ಊರಿನಲ್ಲಿ ‘ಡಾನ್ಸ್’ ಮತ್ತು ‘ಪಂಕ್’ ಒಂದಾದದ್ದು ನನಗೆ ಸಹಜವಾಗಿಯೇ ಕಾಣುತ್ತದೆ.

ಮೆಚ್ಚುಗೆಯ ಪದ ಬೇಲಿಯಾದದ್ದು ಲಯರ್ಸ್ ತಂಡದ ವಿಷಯದಲ್ಲಿ. 2001ರ ಅವರ ಮೊದಲ ಆಲ್ಬಮ್ ಕೇಳಿದವರು ಅವರನ್ನು ಡಾನ್ಸ್-ಪಂಕ್ ಸಾಲಿಗೆ ಸೇರಿಸಿದ್ದರು. 2004ರಲ್ಲಿ ‘ದೇ ವರ್ ರಾಂಗ್, ಸೋ ವಿ ಡ್ರೌನ್ಡ್’ ಬಂತು. ಜರ್ಮನಿಯ ಮಾಟಗಾತಿಯರ ಕತೆಗಳು, ಕಿರಿಚಾಟ, ಕರ್ಕಶ ಸದ್ದು, ಒಂದೇ ಸಮನೆ ಬಡಿಯುವ ಡ್ರಮ್. ‘ರೋಲಿಂಗ್ ಸ್ಟೋನ್’ ಮತ್ತು ‘ಸ್ಪಿನ್’ ಎರಡೂ ಅದಕ್ಕೆ ತಮ್ಮಲ್ಲಿದ್ದ ಅತಿ ಕೆಳಗಿನ ಅಂಕ ಕೊಟ್ಟವು. ಇದು ಅನ್ಯಾಯ. ಆ ಆಲ್ಬಮ್ಮಿನಲ್ಲಿ ಲಯ ಸತ್ತಿಲ್ಲ. ಕ್ಲಬ್ಬಿನ ನೆಲ ಬಿಟ್ಟು ಕಾಡಿನ ಬೆಂಕಿಯ ಸುತ್ತ ಹೋಗಿದೆ, ಅಷ್ಟೆ. ಮಾಟಗಾತಿ ಎಂಬ ಹಣೆಪಟ್ಟಿ ಹಚ್ಚಿ ಹೆಂಗಸರನ್ನು ಸುಟ್ಟವರ ಕಡೆಗೆ ಅದು ಬೆರಳು ಮಾಡುತ್ತದೆ. ಹಳೆಯ ಹಣೆಪಟ್ಟಿ ಹಿಡಿದು ಅದನ್ನು ಅಳೆಯಲು ಹೊರಟವರಿಗೆ ಇದು ಕೇಳಿಸಲಿಲ್ಲ.

2006ರಲ್ಲಿ ಲಯರ್ಸ್ ತಂಡದ ‘ಡ್ರಮ್ಸ್ ನಾಟ್ ಡೆಡ್’ ಬಂದಾಗ ವಿಮರ್ಶಕರು ಮನಸಾರೆ ಹೊಗಳಿದರು. ಅದೂ ಕ್ಲಬ್ಬಿನಲ್ಲಿ ಕುಣಿಯುವ ಸಂಗೀತವಾಗಿರಲಿಲ್ಲ.