ಕೂಡಿ ಪಾಠ ಯೋಜಿಸುವ ಪದ್ಧತಿ: ಕೋಲಾರ ಸೀಮೆಯ ಗಣಿತ ಶಿಕ್ಷಕರ ವೃತ್ತಿ ವಿಕಾಸ

ಒಂದೇ ತರಗತಿಗೆ ಒಂದೇ ವಿಷಯ ಕಲಿಸುವ ಶಿಕ್ಷಕರು ಒಟ್ಟಿಗೆ ಕುಳಿತು ಒಂದು ಪಾಠವನ್ನು ರೂಪಿಸುವುದು, ಅವರಲ್ಲೊಬ್ಬರು ಅದನ್ನು ತರಗತಿಯಲ್ಲಿ ನಡೆಸುವಾಗ ಉಳಿದವರು ಮಕ್ಕಳ ಉತ್ತರಗಳನ್ನು ಗಮನಿಸುವುದು, ಆಮೇಲೆ ಮತ್ತೆ ಸೇರಿ ಅದೇ ಪಾಠವನ್ನು ತಿದ್ದುವುದು: ವೃತ್ತಿ ವಿಕಾಸದ ಈ ಕ್ರಮ ಜಪಾನಿನಲ್ಲಿ ನೂರು ವರ್ಷಕ್ಕೂ ಹಳೆಯದು. ಕರ್ನಾಟಕದಲ್ಲಿ ಇದು ಹೊರಗಿನಿಂದ ಈಚೆಗೆ ಬಂದ ಹೊಸ ವಿಚಾರ ಎಂಬ ಮಾತಿದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಶಾಲಾ ವ್ಯವಸ್ಥೆಯ ಚರಿತ್ರೆ ನೋಡಿದರೆ ಆ ಮಾತು ಅರ್ಧ ಮಾತ್ರ ನಿಜ. ಶಿಕ್ಷಕರು ಸೇರಲು ಬೇಕಾದ ಜಾಗ, ದಿನ, ಅಧಿಕಾರ ಮೂರೂ ಇಲ್ಲಿ 1990ರ ದಶಕದಲ್ಲೇ ಒದಗಿದ್ದವು. ಸೇರಿದ ಮೇಲೆ ಮಾತಾಡಬೇಕಾದ ವಸ್ತು, ಅಂದರೆ ನಿರ್ದಿಷ್ಟವಾದ ಒಂದು ಪಾಠ, ಆ ಸಭೆಗಳ ಕೇಂದ್ರಕ್ಕೆ ಬರಲಿಲ್ಲ ಎಂಬುದೇ ಈ ಚರಿತ್ರೆಯ ಮುಖ್ಯ ಸಂಗತಿ.

ಮೂಲ ಹುಡುಕಿದರೆ 1964–66ರ ಕೊಠಾರಿ ಆಯೋಗದವರೆಗೆ ಹೋಗಬೇಕು. ಒಂದು ಪ್ರೌಢಶಾಲೆಯನ್ನು ಸುತ್ತಲಿನ ಪ್ರಾಥಮಿಕ ಶಾಲೆಗಳೊಂದಿಗೆ ಬೆಸೆದು ಶಾಲಾ ಸಂಕೀರ್ಣ ಮಾಡಬೇಕು, ಶಿಕ್ಷಕರು ಒಬ್ಬರಿಂದೊಬ್ಬರು ಕಲಿಯಬೇಕು ಎಂದು ಅದು ಹೇಳಿತ್ತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಡಯಟ್‌ಗಳು, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು, ಹುಟ್ಟಿದವು. ಕೋಲಾರದ ಮಟ್ಟಿಗೆ ನಿಜವಾದ ತಿರುವು 1994ರದು. ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದ ಮೊದಲ ಹಂತಕ್ಕೆ ರಾಜ್ಯದಿಂದ ಆಯ್ಕೆಯಾದ ನಾಲ್ಕು ಜಿಲ್ಲೆಗಳಲ್ಲಿ ಬೆಳಗಾವಿ, ಮಂಡ್ಯ, ರಾಯಚೂರುಗಳೊಂದಿಗೆ ಕೋಲಾರವೂ ಒಂದಾಗಿತ್ತು. ಆಗಿನ ಕೋಲಾರವೆಂದರೆ ಹನ್ನೊಂದು ತಾಲ್ಲೂಕುಗಳ ದೊಡ್ಡ ಜಿಲ್ಲೆ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆಯಾದ ಮೇಲೆ ಇಂದಿನ ಗಾತ್ರಕ್ಕೆ ಇಳಿಯಿತು. ಈ ಕಾರ್ಯಕ್ರಮದ ಕಟ್ಟಡಗಳು, ಹೊಸ ಕೊಠಡಿಗಳು ಎಲ್ಲರ ಕಣ್ಣಿಗೆ ಬಿದ್ದವು. ಅವಕ್ಕಿಂತ ದೀರ್ಘಕಾಲ ಉಳಿದದ್ದು ತಾಲ್ಲೂಕಿಗೊಂದು ಬಿಆರ್‌ಸಿ (ಕ್ಷೇತ್ರ ಸಂಪನ್ಮೂಲ ಕೇಂದ್ರ), ಹತ್ತಾರು ಶಾಲೆಗಳಿಗೊಂದು ಸಿಆರ್‌ಸಿ (ಸಮೂಹ ಸಂಪನ್ಮೂಲ ಕೇಂದ್ರ) ಎಂಬ ಏರ್ಪಾಡು ಮತ್ತು ಅದರ ಬೆನ್ನಿಗೇ ಬಂದ ಸಮಾಲೋಚನಾ ಸಭೆ. ಸಮೂಹದ ಶಿಕ್ಷಕರು ಒಂದೆಡೆ ಸೇರಿ ತಮ್ಮ ತೊಡಕುಗಳನ್ನು ಹಂಚಿಕೊಳ್ಳಲಿ, ಒಬ್ಬರು ಮಾದರಿ ಪಾಠ ಮಾಡಲಿ, ಉಳಿದವರು ಚರ್ಚಿಸಲಿ ಎಂಬುದು ಅದರ ಆಶಯ. ಜಪಾನಿನ ಹೆಸರು ಎತ್ತದೆಯೇ ಅದೇ ವಿಚಾರದ ಹತ್ತಿರಕ್ಕೆ ಬಂದಿದ್ದ ಏರ್ಪಾಡು ಇದು.

ಆದರೆ ಮಾದರಿ ಪಾಠವೆಂಬುದು ಪ್ರದರ್ಶನವಾಯಿತು. ಚೆನ್ನಾಗಿ ಪಾಠ ಮಾಡುವವರು ಅಂದು ಇನ್ನೂ ಚೆನ್ನಾಗಿ ಮಾಡಿ ತೋರಿಸುತ್ತಿದ್ದರು, ನೋಡಿದವರು ಮೆಚ್ಚಿ ಮನೆಗೆ ಹೋಗುತ್ತಿದ್ದರು. ಸರ್ವ ಶಿಕ್ಷಣ ಅಭಿಯಾನ ಬಂದ ಮೇಲೆ ಬಿಸಿಯೂಟದ ಲೆಕ್ಕ, ಸಮವಸ್ತ್ರ, ದಾಖಲಾತಿ, ಅಂಕಿ-ಅಂಶಗಳ ನಮೂನೆಗಳೆಲ್ಲ ಅದೇ ಸಭೆಯ ಮೇಜಿಗೆ ಬಂದು ಕುಳಿತವು. ಸಿಆರ್‌ಪಿ ಎಂಬ ಸಮೂಹ ಸಂಪನ್ಮೂಲ ವ್ಯಕ್ತಿ ಬಹುಮಟ್ಟಿಗೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಮಾಹಿತಿ ಸಂಗ್ರಾಹಕರಾದರು. ಇನ್ನೊಂದು ಕಡೆ ತರಬೇತಿಗಳು ಮೇಲಿನಿಂದ ಕೆಳಕ್ಕೆ ಇಳಿಯುತ್ತಿದ್ದವು. ರಾಜ್ಯ ಮಟ್ಟದಲ್ಲಿ ತಯಾರಾದವರು ಜಿಲ್ಲೆಯವರಿಗೆ, ಜಿಲ್ಲೆಯವರು ತಾಲ್ಲೂಕಿನವರಿಗೆ, ಅವರು ಶಿಕ್ಷಕರಿಗೆ ಹೇಳುವ ಈ ಕ್ರಮದಲ್ಲಿ ಕೈಪಿಡಿ ಶಾಲೆ ಮುಟ್ಟುತ್ತಿತ್ತು, ಅದನ್ನು ಬರೆದವರ ಯೋಚನೆ ನಡುವೆಯೇ ಸೋರಿಹೋಗುತ್ತಿತ್ತು.

ಇದೇ ಅವಧಿಯಲ್ಲಿ ಇದಕ್ಕೆ ವಿರುದ್ಧವಾದ ಉದಾಹರಣೆಯೊಂದು ರಾಜ್ಯದಲ್ಲೇ ಹುಟ್ಟಿತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಎಂಬ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿಯ ಕಾರ್ಡುಗಳನ್ನು ಸರ್ಕಾರಿ ಶಾಲೆಯ ಶಿಕ್ಷಕರೇ ಕೂಡಿ ಬರೆದರು, ತರಗತಿಯಲ್ಲಿ ಪರೀಕ್ಷಿಸಿದರು, ತಿದ್ದಿದರು. ಅವರು ಪ್ರೇರಣೆ ಪಡೆದದ್ದು ಮದನಪಲ್ಲಿ ಬಳಿಯ ರಿಷಿ ವ್ಯಾಲಿ ಶಿಕ್ಷಣ ಕೇಂದ್ರದಿಂದ; ಅದು ಶ್ರೀನಿವಾಸಪುರಕ್ಕೆ ಎಷ್ಟು ಹತ್ತಿರವೋ ಹೆಗ್ಗಡದೇವನಕೋಟೆಗೆ ಅಷ್ಟೇ ದೂರ ಎಂಬುದು ಸ್ವಾರಸ್ಯ. ನಲಿ-ಕಲಿ ಮುಂದೆ ರಾಜ್ಯವ್ಯಾಪಿಯಾದಾಗ ಕಾರ್ಡುಗಳು ಎಲ್ಲೆಡೆ ಹಂಚಿಕೆಯಾದವು. ಕಾರ್ಡು ಬರೆಯುವ ಕೆಲಸ ಹಂಚಿಕೆಯಾಗುವಂಥದ್ದಲ್ಲ. ಮೇಲಾಗಿ ಅದು ಕೆಳಗಿನ ತರಗತಿಗಳಿಗೇ ಸೀಮಿತ. ಮಾಲೂರಿಗೆ ತಾಗಿಕೊಂಡಿರುವ ಹೊಸಕೋಟೆ ತಾಲ್ಲೂಕಿನಲ್ಲಿ 2011ರಲ್ಲಿ ಅಕ್ಷರ ಫೌಂಡೇಶನ್ ಆರಂಭಿಸಿದ ಗಣಿತ ಕಲಿಕಾ ಆಂದೋಲನವೂ ಪ್ರಾಥಮಿಕ ತರಗತಿಗಳ ಗಣಿತ ಕಿಟ್ಟನ್ನೇ ಆಧರಿಸಿತ್ತು. ಅದೇ ವರ್ಷದ ಹೊತ್ತಿಗೆ ಶುರುವಾದ ವಿಷಯ ಶಿಕ್ಷಕರ ವೇದಿಕೆ ಪ್ರೌಢಶಾಲೆಯವರದು. ನಡುವಿನ ಆರು, ಏಳು, ಎಂಟನೇ ತರಗತಿಗಳು ಎರಡೂ ಕಡೆಯಿಂದ ತಪ್ಪಿಸಿಕೊಂಡವು.

ಗಣಿತ ಮಕ್ಕಳ ಕೈಬಿಡುವುದು ಹೆಚ್ಚಾಗಿ ಈ ನಡುವಿನ ತರಗತಿಗಳಲ್ಲೇ. ಭಿನ್ನರಾಶಿ, ದಶಮಾಂಶ, ಋಣ ಸಂಖ್ಯೆ, ಅನುಪಾತ, ಬೀಜಗಣಿತದ ಅಕ್ಷರಗಳು ಎಲ್ಲವೂ ಮೂರು ವರ್ಷದೊಳಗೆ ಎದುರಾಗುತ್ತವೆ. ಅವನ್ನು ಕಲಿಸುವವರು ಬಹುಕಾಲ ಪಿಯುಸಿಯ ನಂತರ ಟಿಸಿಎಚ್ ಎಂಬ ಶಿಕ್ಷಕ ತರಬೇತಿ ಮಾಡಿದವರು. ಪಿಯುಸಿಯಲ್ಲಿ ಕಲಾ ವಿಭಾಗ ಓದಿದವರೂ ಏಳನೇ ತರಗತಿಯ ಗಣಿತ ತೆಗೆದುಕೊಂಡದ್ದುಂಟು. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಎಂಟನೇ ತರಗತಿಗೆ ವಿಜ್ಞಾನ ಮತ್ತು ಗಣಿತಕ್ಕೆ ಕನಿಷ್ಠ ಒಬ್ಬ ಶಿಕ್ಷಕರಿರಬೇಕೆಂದಿತು. ಆ ಬಳಿಕ ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳು ಬಂದವು, 2022ರಲ್ಲಿ ರಾಜ್ಯದಲ್ಲಿ 15,000 ಹುದ್ದೆಗಳಿಗೆ ನೇಮಕಾತಿ ಪರೀಕ್ಷೆ ನಡೆಯಿತು. ಕನಿಷ್ಠ ಒಬ್ಬರು ಎಂಬುದು ಹಳ್ಳಿಯ ಸಣ್ಣ ಶಾಲೆಗಳಲ್ಲಿ ಒಬ್ಬರೇ ಎಂದಾಗುತ್ತದೆ. ಜಪಾನಿನ ಪದ್ಧತಿ ನಿಂತಿರುವುದು ಒಂದೇ ಶಾಲೆಯಲ್ಲಿ ಕಲಿಸುವ ಸಹೋದ್ಯೋಗಿಗಳ ಮೇಲೆ. ಇಲ್ಲಿನ ಗಣಿತ ಶಿಕ್ಷಕರಿಗೆ ಸಹೋದ್ಯೋಗಿ ಸಿಗುವುದು ಪಕ್ಕದೂರಿನ ಶಾಲೆಯಲ್ಲಿ. ಹಾಗಾಗಿ ಈ ಸೀಮೆಗೆ ಹೊಂದುವ ಘಟಕ ಶಾಲೆಯಲ್ಲ, ಸಮೂಹ.

ಶಿಕ್ಷಕರಿಗೇ ವಿಷಯ ಸರಿಯಾಗಿ ತಿಳಿಯದಿದ್ದರೆ ಹತ್ತು ಜನ ಸೇರಿ ಏನು ಪ್ರಯೋಜನ ಎಂಬ ಆಕ್ಷೇಪಕ್ಕೆ ಗಣಿತ ಶಿಕ್ಷಣದ ಸಂಶೋಧಕಿ ಲಿಪಿಂಗ್ ಮಾ 1999ರಲ್ಲಿ ಪ್ರಕಟಿಸಿದ ಅಧ್ಯಯನ ಉತ್ತರ ಕೊಡುತ್ತದೆ. ಒಂದೂ ಮುಕ್ಕಾಲನ್ನು ಅರ್ಧದಿಂದ ಭಾಗಿಸಿ ಎಂದಾಗ ಚೀನಾದ 72 ಶಿಕ್ಷಕರೂ ಸರಿಯುತ್ತರ ಕೊಟ್ಟರು. ಅಮೆರಿಕದ 23 ಶಿಕ್ಷಕರಲ್ಲಿ ಸರಿಯುತ್ತರ ಕೊಟ್ಟವರು ಅರ್ಧಕ್ಕಿಂತ ಕಡಿಮೆ. ಅಮೆರಿಕದವರು ಪದವೀಧರರು. ಚೀನಾದವರು ಒಂಬತ್ತನೇ ತರಗತಿಯ ನಂತರ ಎರಡು-ಮೂರು ವರ್ಷ ಶಿಕ್ಷಕ ತರಬೇತಿ ಪಡೆದವರು, ನಮ್ಮ ಟಿಸಿಎಚ್‌ಗಿಂತಲೂ ಕಡಿಮೆ ಓದು. ಅವರ ಜ್ಞಾನ ಬೆಳೆದದ್ದು ಕೆಲಸದಲ್ಲಿದ್ದುಕೊಂಡೇ, ಪಠ್ಯಪುಸ್ತಕವನ್ನು ಮುಂದಿಟ್ಟುಕೊಂಡು ಬೋಧನಾ ಸಂಶೋಧನಾ ಗುಂಪುಗಳಲ್ಲಿ ನಡೆಸಿದ ಚರ್ಚೆಯಿಂದ. ವಿಷಯ ಬಲ್ಲ ಒಬ್ಬರಾದರೂ ಗುಂಪಿನಲ್ಲಿ ಇರಬೇಕೆಂಬುದು ನಿಜ. ಸಮೂಹದ ಪ್ರೌಢಶಾಲೆಯ ಗಣಿತ ಶಿಕ್ಷಕರು, ಡಯಟ್‌ನ ಉಪನ್ಯಾಸಕರು ಆ ಜಾಗಕ್ಕೆ ಸಲ್ಲುತ್ತಾರೆ.

ಕೂಡಿ ಯೋಜಿಸಿದರೆ ಏನು ಬದಲಾಗುತ್ತದೆ ಎಂಬುದಕ್ಕೆ ದಶಮಾಂಶಗಳ ಹೋಲಿಕೆಯ ಪಾಠವನ್ನೇ ನೋಡಬಹುದು. 0.35 ಮತ್ತು 0.5ರಲ್ಲಿ ಯಾವುದು ದೊಡ್ಡದೆಂದು ಕೇಳಿದರೆ, ಐದಕ್ಕಿಂತ ಮೂವತ್ತೈದು ದೊಡ್ಡದೆಂದು ಹಲವು ಮಕ್ಕಳು 0.35 ಅನ್ನುತ್ತಾರೆ. ಅನುಭವಿ ಶಿಕ್ಷಕರಿಗೆ ಈ ತಪ್ಪು ಗೊತ್ತು. ಇದಕ್ಕೆ ತಿರುವುಮುರುವಾದ ಇನ್ನೊಂದು ತಪ್ಪು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ನೂರನೇ ಭಾಗ ಹತ್ತನೇ ಭಾಗಕ್ಕಿಂತ ಚಿಕ್ಕದು, ಆದ್ದರಿಂದ ಬಿಂದುವಿನ ನಂತರ ಅಂಕಿ ಹೆಚ್ಚಿದಷ್ಟೂ ಸಂಖ್ಯೆ ಚಿಕ್ಕದು ಎಂದು ನಂಬಿದ ಮಗು 0.5 ದೊಡ್ಡದೆಂದು ಸರಿಯುತ್ತರವನ್ನೇ ಕೊಡುತ್ತದೆ. 0.45 ಮತ್ತು 0.3 ಎಂಬ ಎರಡನೇ ಜೋಡಿ ಬೋರ್ಡಿನ ಮೇಲೆ ಬಂದಾಗ ಮಾತ್ರ ಆ ಮಗು ಸಿಕ್ಕಿಬೀಳುತ್ತದೆ. ಸ್ಥಳೀಯ ಉದಾಹರಣೆಯೂ ಇಲ್ಲಿ ಮೋಸ ಮಾಡಬಲ್ಲದು. ಹಾಲಿನ ಡೈರಿಯ ಚೀಟಿಯಲ್ಲಿ ಫ್ಯಾಟ್ 3.5, 4.1 ಎಂದು ಸಾಮಾನ್ಯವಾಗಿ ಬಿಂದುವಿನ ನಂತರ ಒಂದೇ ಅಂಕಿ. ರೂಪಾಯಿ-ಪೈಸೆಯಲ್ಲಿ ಯಾವಾಗಲೂ ಎರಡು. ಎರಡರಲ್ಲೂ ಅಂಕಿಗಳ ಉದ್ದ ಸಮ, ಆದ್ದರಿಂದ ತಪ್ಪು ಅಡಗಿಯೇ ಇರುತ್ತದೆ. ಯಾವ ಜೋಡಿ ಮೊದಲು, ಯಾವುದು ಆಮೇಲೆ, ಚೀಟಿಯನ್ನು ಯಾವ ಹಂತದಲ್ಲಿ ತರಬೇಕು ಎಂಬ ಪ್ರಶ್ನೆಗಳಿಗೆ ಉದ್ದೇಶ, ಚಟುವಟಿಕೆ, ಮೌಲ್ಯಮಾಪನ ಎಂದು ಕಲಂ ಎಳೆದ ಪಾಠ ಟಿಪ್ಪಣಿಯಲ್ಲಿ ಜಾಗವೇ ಇಲ್ಲ.

ಪುರಾವೆಗಳು ಒಂದೇ ದಿಕ್ಕಿಗೆ ಇಲ್ಲ ಎಂಬುದನ್ನೂ ಹೇಳಬೇಕು. ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ ನಡೆದ ದೊಡ್ಡ ಪ್ರಯೋಗವೊಂದರ 2017ರ ವರದಿ, ಪಾಠ ಅಧ್ಯಯನವೆಂದು ಕರೆಯುವ ಈ ಜಪಾನಿ ಪದ್ಧತಿಯಿಂದ ಮಕ್ಕಳ ಗಣಿತದ ಫಲಿತಾಂಶ ಹೆಚ್ಚಿದ್ದು ಕಾಣಲಿಲ್ಲ ಎಂದಿತು. ಅಮೆರಿಕದಲ್ಲಿ 2014ರ ಪರಿಶೀಲನೆಯೊಂದು ಗಣಿತ ಶಿಕ್ಷಕರ ತರಬೇತಿ ಕುರಿತ ನೂರಾರು ಅಧ್ಯಯನಗಳನ್ನು ಜಾಲಾಡಿ, ಗಟ್ಟಿ ಪುರಾವೆಯೊಂದಿಗೆ ಫಲ ಕೊಟ್ಟವು ಎರಡೇ ಎಂದಿತು. ಆ ಎರಡರಲ್ಲೊಂದು ಭಿನ್ನರಾಶಿಯ ಮೇಲೆ ನಡೆದ ಸಾಮೂಹಿಕ ಪಾಠ ಅಧ್ಯಯನ. ಇಂಗ್ಲೆಂಡ್, ಅಮೆರಿಕದ ಈ ಎರಡೂ ವರದಿಗಳನ್ನು ಒಟ್ಟಿಗೆ ಓದಿದರೆ ವಿರೋಧವೇನಿಲ್ಲ. ಅಮೆರಿಕದ ಗುಂಪುಗಳ ಕೈಯಲ್ಲಿ ಭಿನ್ನರಾಶಿಯನ್ನು ಸಂಖ್ಯಾರೇಖೆಯ ಮೇಲೆ ಅಳತೆಯಾಗಿ ಕಲಿಸುವ ಬಗೆಗೆ ಲೆಕ್ಕಗಳೂ ಸಂಶೋಧನೆಯ ಸಾಮಗ್ರಿಯೂ ಇದ್ದವು. ಕೂಡುವುದರಿಂದಲೇ ಫಲ ಬರುವುದಿಲ್ಲ, ಕೂಡಿದವರ ಮುಂದೆ ಏನಿದೆ ಎಂಬುದರಿಂದ ಬರುತ್ತದೆ. ಸಮಾಲೋಚನಾ ಸಭೆಯ ಅನುಭವವೂ ಅದನ್ನೇ ಹೇಳುತ್ತದೆ.

ಸಿದ್ಧ ಪಾಠ ಯೋಜನೆಗಳನ್ನು ಮುದ್ರಿಸಿ ಕೊಟ್ಟರೆ ಇಷ್ಟೆಲ್ಲ ಶ್ರಮ ಉಳಿಯುತ್ತದಲ್ಲ ಎಂಬ ಆಡಳಿತದ ವಾದವನ್ನು ತಳ್ಳಿಹಾಕುವಂತಿಲ್ಲ. ಕೊರೊನಾ ನಂತರ 2022-23ರ ಕಲಿಕಾ ಚೇತರಿಕೆ ಕಾರ್ಯಕ್ರಮದಲ್ಲಿ ಕಲಿಕಾ ಹಾಳೆಗಳು ಸಿದ್ಧವಾಗಿ ಬಂದದ್ದರಿಂದ ಎರಡು ವರ್ಷ ಶಾಲೆ ತಪ್ಪಿದ ಮಕ್ಕಳಿಗೆ ಕೂಡಲೇ ಕೆಲಸ ಸಿಕ್ಕಿತು. ಆದರೆ ಮುಳಬಾಗಿಲು, ಶ್ರೀನಿವಾಸಪುರದ ಗಡಿ ಹಳ್ಳಿಗಳಲ್ಲಿ ಮನೆಯಲ್ಲಿ ತೆಲುಗು ಆಡುವ ಮಗು ಕನ್ನಡದಲ್ಲಿ ಬರೆದ ಅನುಪಾತದ ಲೆಕ್ಕ ಓದುವಾಗ ಎಲ್ಲಿ ನಿಲ್ಲುತ್ತದೆ ಎಂಬುದು ಬೆಂಗಳೂರಿನಲ್ಲಿ ಬರೆದ ಹಾಳೆಗೆ ತಿಳಿಯದು. ಸಿದ್ಧ ಯೋಜನೆ ಗುಂಪಿನ ಚರ್ಚೆಗೆ ಮೊದಲ ಕರಡಾಗಬಲ್ಲದು, ಚರ್ಚೆಯ ಬದಲಿಯಾಗಲಾರದು.

ಸಮಯದ ಕೊರತೆಯೇ ಎಲ್ಲಕ್ಕಿಂತ ತೂಕದ ಆಕ್ಷೇಪ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ವರ್ಷಕ್ಕೆ 50 ಗಂಟೆಗಳ ವೃತ್ತಿ ವಿಕಾಸವನ್ನು ಕೇಳುತ್ತದೆ, ಶಾಲಾ ಸಂಕೀರ್ಣವನ್ನು ಮತ್ತೆ ಎತ್ತಿ ಹಿಡಿಯುತ್ತದೆ. ರಾಜ್ಯದ ಗುರುಚೇತನ ಕಾರ್ಯಕ್ರಮ ಬೇಕಾದ ವಿಷಯವನ್ನು ಶಿಕ್ಷಕರೇ ಆರಿಸಿಕೊಳ್ಳಲು ಬಿಟ್ಟಿತು. ಗಂಟೆಗಳು ಕಾಗದದ ಮೇಲೆ ಇವೆ, ಅವು ಈಗ ಹೆಚ್ಚಾಗಿ ಉಪನ್ಯಾಸಕ್ಕೂ ಆನ್‌ಲೈನ್ ಕೋರ್ಸುಗಳಿಗೂ ಸಲ್ಲುತ್ತಿವೆ. ಸಮಾಲೋಚನಾ ಸಭೆಯಲ್ಲಿ ಆರರಿಂದ ಎಂಟರ ಗಣಿತದವರನ್ನು ಬೇರೆ ಕೂರಿಸಿ, ಮಾಹಿತಿ ನಮೂನೆಗಳನ್ನು ಫೋನಿಗೆ ಬಿಟ್ಟರೆ ಹೊಸ ದಿನ ಹುಡುಕಬೇಕಾಗಿಲ್ಲ. ಉಳಿಯುವ ತೊಡಕು ವರ್ಗಾವಣೆಯದು. ಕೌನ್ಸೆಲಿಂಗ್ ಮುಗಿಯುವಷ್ಟರಲ್ಲಿ ಗುಂಪಿನ ಮುಖಗಳು ಬದಲಾಗುತ್ತವೆ, ತಿದ್ದಿದ ಪಾಠ ಬರೆದವರ ಚೀಲದಲ್ಲೇ ಬೇರೆ ತಾಲ್ಲೂಕಿಗೆ ಹೋಗುತ್ತದೆ. ಆ ಪಾಠದ ಪ್ರತಿಯನ್ನು, ಮಕ್ಕಳು ಕೊಟ್ಟ ತಪ್ಪು ಉತ್ತರಗಳ ಟಿಪ್ಪಣಿ ಸಹಿತ, ಸಿಆರ್‌ಸಿಯಲ್ಲಿ ಇಟ್ಟುಕೊಳ್ಳುವ ನಿಯಮವನ್ನು ಮಾಡಲು ಹೊಸ ಅನುದಾನವೇನೂ ಬೇಕಿಲ್ಲ.